ಮನೆಯವಳಿಗೆ ಷೋಕೇಸಿನ ಕಪ್ಪು

ಚಂದಕವಾಡಿಯ ನಮ್ಮ ತವರುಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಷೋಕೇಸಿದೆ, ಅದರೊಳಗೆ ನೀಲಿ ಹೂವಿನ ಪಿಂಗಾಣಿ ಕಪ್ಪುಗಳಿವೆ. ನೀವೇನಾದರೂ ನಮ್ಮ ಮನೆಗೆ ಬಂದರೆ ಅಮ್ಮ ಅದರಲ್ಲೊಂದನ್ನು ತೆಗೆದು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದು, ಸಾಸರಿನ ಮೇಲಿಟ್ಟು ನಿಮಗೆ ಕಾಫಿ ಕೊಡುತ್ತಾಳೆ. ಮೇಷ್ಟ್ರು, ಡಾಕ್ಟರು, ಹೊಸ ಬೀಗರು, ಓಟು ಕೇಳಲು ಬಂದವರು, ಎಲ್ಲರಿಗೂ ಆ ಮರ್ಯಾದೆ ಉಂಟು. ಮನೆಯವರಿಗೆ ಮಾತ್ರ ಸ್ಟೀಲಿನ ಲೋಟ.

ನನ್ನ ತಮ್ಮ ಮಾದೇಶನ ಹೆಂಡತಿ ರೂಪಾ ಬೇಗೂರಿನವಳು, ಚಾಮರಾಜನಗರದ ಒಂದು ಇಂಗ್ಲಿಷ್ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಟೀಚರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೂ ಆ ಕಪ್ಪಿನಲ್ಲೇ ಕಾಫಿ. ಒಂದು ಬೆಳಗ್ಗೆ ಅಮ್ಮ ಯಾವುದೋ ಗಡಿಬಿಡಿಯಲ್ಲಿ ಸೊಟ್ಟಗಾದ ಲೋಟವೊಂದನ್ನು ಅವಳ ಕೈಗೆ ತುರುಕಿ ಹೋದಳಂತೆ. "ಅವತ್ತೇ ಈ ಮನೆ ನಂದಾಯ್ತು ಅಕ್ಕ" ಎಂದು ರೂಪಾ ನನ್ನೊಡನೆ ನಕ್ಕಿದ್ದಳು. ಅಂಥ ಹುಡುಗಿ ಮೊನ್ನೆ ಬೇಗೂರಿನ ತಾಯಿಮನೆಯಿಂದ ಫೋನು ಮಾಡಿ, "ನಾನಿನ್ನು ಬರಾಕಿಲ್ಲ ಅಕ್ಕ" ಎಂದುಬಿಟ್ಟಳು.

ಆದದ್ದು ಇಷ್ಟು. ಮದುವೆಯಾಗಿ ವರ್ಷಗಳುರುಳಿದರೂ ಅವರಿಗೆ ಮಕ್ಕಳಾಗಿರಲಿಲ್ಲ. ಕಂಡಕಂಡವರು ಕೇಳುವುದನ್ನು ಬಿಟ್ಟಿರಲಿಲ್ಲ. ರಜೆಗೆ ತವರಿಗೆ ಹೋದವಳು ಅವ್ವನ ಜೊತೆ ಗುಂಡ್ಲುಪೇಟೆಯಲ್ಲಿ ಡಾಕ್ಟರಿಗೆ ತೋರಿಸಿಕೊಂಡಳು. ಕಾದಿದ್ದ ಸುದ್ದಿ ಕೊನೆಗೂ ಸಿಕ್ಕಿತು. ಈಗ ಅದನ್ನು ಗಂಡನಿಗೆ ಹೇಳುವುದು ಹೇಗೆ? ನಮ್ಮ ಕಡೆ ಇಂಥ ಸುದ್ದಿಯನ್ನು ಹೆಂಡತಿ ತಾನೇ ಹೇಳುವ ರೂಢಿಯಿಲ್ಲ. ಅತ್ತೆಯೋ ಅತ್ತಿಗೆಯೋ ಹೇಳುತ್ತಾರೆ, ಅವನು ಕೇಳಿಸದವನಂತೆ ಹಿತ್ತಲಿಗೆ ನಡೆಯುತ್ತಾನೆ. ರೂಪಾಳಿಗೋ ತಾನೇ ಹೇಳಬೇಕೆಂಬ ಆಸೆ. ಕನ್ನಡದಲ್ಲಿ ನಾಚಿಕೆ ಅಡ್ಡ ಬಂತು, ಇಂಗ್ಲಿಷು ಧೈರ್ಯ ಕೊಟ್ಟಿತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಇನ್ನು ನಾವು ಇಬ್ಬರಲ್ಲ, ಮೂವರು ಎಂಬರ್ಥದ ಮುದ್ದಾದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲೊಂದು ಕೆಂಪು ಹೃದಯವನ್ನೂ ಅಂಟಿಸಿ ಕಳಿಸಿದಳು.

ಬದನಗುಪ್ಪೆಯ ಕಾರ್ಖಾನೆಯಿಂದ ನನ್ನ ತಮ್ಮ ಕೊಟ್ಟ ಉತ್ತರವನ್ನು ಅವಳು ನನಗೂ ಕಳಿಸಿದ್ದಳು. ನೀವೂ ಓದಿ: "ರೆಸ್ಪೆಕ್ಟೆಡ್ ಮೇಡಂ, ಯುವರ್ ಮೆಸೇಜ್ ನೋಟೆಡ್ ವಿತ್ ಥ್ಯಾಂಕ್ಸ್. ವಿಲ್ ಡು ದಿ ನೀಡ್‌ಫುಲ್. ರಿಗಾರ್ಡ್ಸ್, ಮಾದೇಶ, ಪ್ಯಾಕಿಂಗ್ ಸೆಕ್ಷನ್."

ದೇವರಾಣೆಗೂ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಮಾನ್ಯರೇ, ತಮ್ಮ ಸಂದೇಶವನ್ನು ಗಮನಿಸಲಾಗಿದೆ, ಅಗತ್ಯ ಕ್ರಮ ಕೈಗೊಳ್ಳಲಾಗುವುದು! ಹುಟ್ಟಲಿರುವ ತನ್ನ ಕೂಸಿನ ಸುದ್ದಿಗೆ, ಕಟ್ಟಿಕೊಂಡ ಹೆಂಡತಿಗೆ, ಪ್ಯಾಕಿಂಗ್ ಸೆಕ್ಷನ್ನಿನಿಂದ! "ನಂಗೆ ತಿರ್ಗಾ ಆ ಕಪ್ಪಲ್ಲಿ ಕಾಫಿ ಕೊಟ್ಟಂಗಾಯ್ತು ಅಕ್ಕ. ಅವ್ರಿಗೆ ಈ ಮಗು ಬೇಡ ಅನ್ಸುತ್ತೆ" ಎಂದು ಅತ್ತಳು.

ಕೆಲಸ ಮುಗಿಸಿ ಊರಿಗೆ ಹೋಗುವ ದಾರಿಯಲ್ಲಿ ಮಾದೇಶ ಚಾಮರಾಜನಗರದ ನನ್ನ ಮನೆಗೆ ಬಂದು ಹೋಗುವುದುಂಟು. ಅಂದು ಅವನಿಗೆ ಮಂಗಳಾರತಿ ಎತ್ತಲೆಂದೇ ಬಾಗಿಲಲ್ಲಿ ಕಾದಿದ್ದೆ. ಬಂದವನ ಕೈಯಲ್ಲಿ ಸ್ವೀಟಿನ ಡಬ್ಬ, ಮುಖದ ತುಂಬ ನಗು!

"ಏನ್ಲಾ ಇದು? ಇದ್ನ ನೋಡಿ ಅವ್ಳು ಅಳ್ತಾ ಕೂತವ್ಳೆ" ಎಂದು ಫೋನನ್ನು ಅವನ ಮುಖಕ್ಕೆ ಹಿಡಿದೆ.

"ಯಾಕಕ್ಕ? ಇದ್ಕಿಂತ ಮರ್ಯಾದೆ ಇರೋ ಇಂಗ್ಲಿಷು ನಂಗೆ ಬರಾಕಿಲ್ಲ ಕಣಕ್ಕ. ನಮ್ ಮ್ಯಾನೇಜರ್‌ಗೇ ಬರೀ ಡಿಯರ್ ಸರ್ ಅಂತೀನಿ. ಅವ್ಳಿಗೆ ರೆಸ್ಪೆಕ್ಟೆಡ್ ಅಂತ ಆಕಿವ್ನಿ!"

ನಾನು ಅಲ್ಲೇ ಕುಕ್ಕರಿಸಿದೆ. ಹೆಂಡತಿ ಇಂಗ್ಲಿಷಿನಲ್ಲಿ ಬರೆದಿದ್ದಾಳೆ, ತಾನೂ ಸರಿಸಮನಾಗಿ ಇಂಗ್ಲಿಷಿನಲ್ಲೇ, ಅದರಲ್ಲೂ ತನ್ನ ಬಳಿ ಇರುವ ಅತ್ಯುತ್ತಮವಾದದ್ದರಲ್ಲೇ ಉತ್ತರಿಸಬೇಕೆಂದು ಅವನು ಹೊರಟಿದ್ದ. ಅವನಿಗೆ ಇಂಗ್ಲಿಷು ಕಲಿಸಿದ್ದು ಶಾಲೆಯಲ್ಲ, ಕಾರ್ಖಾನೆ. ಅಲ್ಲಿ ಲಾರಿ ತಡವಾದರೂ 'ನೋಟೆಡ್', ಯಂತ್ರ ಕೆಟ್ಟರೂ 'ನೋಟೆಡ್'. ಇದೇ ಮನುಷ್ಯ ಕನ್ನಡದಲ್ಲಿ ಎಂದಾದರೂ ಎಡವಿದ್ದನ್ನು ನಾನು ಕಂಡಿಲ್ಲ. ಗೆಳೆಯನಿಗೆ 'ಬಾರ್ಲಾ', ಸಾಹೇಬರಿಗೆ 'ಬನ್ನಿ ಸಾ', ಮಲೆಯ ಮಾದಪ್ಪನಿಗೆ ಸಲುಗೆಯ ಏಕವಚನ, ಕೊಟ್ಟಿಗೆಯ ಕರುವಿಗೆ ಬೇರೆಯೇ ಒಂದು ರಾಗ. ಯಾವುದನ್ನು ಯಾರಿಗೆ ಎಂದು ಅವನಿಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಬಡಪಾಯಿಯ ಹತ್ತಿರ ಇರುವುದು ಒಂದೇ ಇಸ್ತ್ರಿ ಅಂಗಿ. ಮದುವೆಗೂ ಅದೇ, ಗದ್ದೆಗೂ ಅದೇ, ಮಲಗುವಾಗಲೂ ಅದೇ.

"ಸರಿ, ನೀನೇ ಯೇಳು. ಏನಂತ ಬರೀಬೇಕಿತ್ತು?" ಎಂದ.

ಕಚೇರಿಯಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಟೈಪು ಮಾಡುವ ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅಭಿನಂದನೆ ಎನ್ನಲೇ? ತನ್ನದೇ ಮಗುವಿಗೆ ಯಾರಾದರೂ ಅಭಿನಂದನೆ ಹೇಳುತ್ತಾರೆಯೇ? ಇಂಗ್ಲಿಷು ಹಾಳಾಗಲಿ ಎಂದು ಕನ್ನಡದಲ್ಲಿ ಹುಡುಕಿದೆ. ನಿಜವಾಗಿ ಬೆಚ್ಚಿಬಿದ್ದದ್ದು ಆಗ. ಗಂಡನಾದವನು ಹೆಂಡತಿಗೆ ಆ ಗಳಿಗೆಯಲ್ಲಿ ಹೇಳುವ ಒಂದು ಮಾತನ್ನೂ ನಾನು ನಮ್ಮ ಮನೆಯಲ್ಲಿ ಕೇಳಿದವಳೇ ಅಲ್ಲ. ನಾನು ಹೊಟ್ಟೆಯಲ್ಲಿರುವ ಸುದ್ದಿ ತಿಳಿದ ದಿನ ಅಪ್ಪ ಹಿತ್ತಲಿಗೆ ಹೋಗಿ ಕತ್ತಲಾಗುವವರೆಗೆ ಸೌದೆ ಒಡೆದರಂತೆ. ಅಮ್ಮ ಇವತ್ತಿಗೂ ಅದನ್ನು ಹೆಮ್ಮೆಯಿಂದ ಹೇಳುತ್ತಾಳೆ. ಆದರೆ ಅಮ್ಮನಿಗೆ ಕೊಡಲಿಯ ಸದ್ದಾದರೂ ಕೇಳಿಸಿತ್ತು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತ ರೂಪಾಳಿಗೆ ಏನು ಕೇಳಿಸೀತು?

"ಮೆಸೇಜು ನೋಡ್ದಾಗ ನಿಂಗೇನಾಯ್ತು, ಅದ್ನಾರ ಯೇಳು" ಎಂದೆ.

ಅವನು ನೆಲ ನೋಡಿದ. "ಅಳು ಬಂದ್ಬುಡ್ತು ಕಣಕ್ಕ. ಯಾರ್ಗೂ ಕಾಣ್ದಂಗೆ ಬಾಕ್ಸುಗಳ ಇಂದ್ಕೆ ಓಗಿ ನಿಂತ್ಕಂಬುಟ್ಟೆ."

"ನಡಿ, ನಾಳೆ ಬೇಗೂರಿಗೆ ಓಗನ" ಎಂದೆ.

ಮಾರನೆಯ ದಿನ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುವಾಗ ನಾನು ತೋರಿಸಿದ ಆ ಕಲ್ಲುಬೆಂಚನ್ನು ಅವನು ತಿರುತಿರುಗಿ ನೋಡಿದ. ಬೇಗೂರಿನ ಮನೆಯ ಜಗಲಿಯಲ್ಲಿ ರೂಪಾ, "ಬನ್ನಿ, ಕೂತ್ಕಳಿ" ಎಂದಳು, ಊರಿಗೆ ಬಂದ ಅಧಿಕಾರಿಗೆ ಹೇಳಿದ ಹಾಗೆ. ಅವನು ಕೂರಲಿಲ್ಲ. ಅತ್ತೆ ಇದ್ದಾರೆ, ಅಕ್ಕ ಇದ್ದಾಳೆ ಎಂಬುದನ್ನೂ ಮರೆತು, "ನಾನು ಅತ್ಬುಟ್ಟೆ ಕಣಮ್ಮಿ. ಬಾಕ್ಸಿನ ಇಂದೆ ನಿಂತ್ಕಂಡು ಅತ್ಬುಟ್ಟೆ" ಎಂದ.

ಅವಳು ಅವನತ್ತ ತಿರುಗಿದಳು. "ಅದ್ನೇ ಬರೀಬಾರ್ದಾಗಿತ್ತಾ?"

"ಅಳೋ ಇಂಗ್ಲಿಷು ನಂಗ್ಯಾರೂ ಯೇಳ್ಕೊಟ್ಟಿಲ್ವಲ್ಲಮ್ಮಿ."

ಅವಳು ನಕ್ಕಳು, ನಗುತ್ತಲೇ ಅತ್ತಳು. ಅವಳ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು. ಸಂಜೆಯ ಬಸ್ಸಿಗೆ ನಾವು ಮೂವರೂ ಹೊರಟೆವು.

ಚಂದಕವಾಡಿಯಲ್ಲಿ ಅಮ್ಮನ ಸಂಭ್ರಮ ಕೇಳಬೇಡಿ. ಬಸುರಿ ಸೊಸೆಗೆ ಸಾಮಾನ್ಯದ್ದರಲ್ಲಿ ಕೊಡುವುದೇ ಎಂದು ಷೋಕೇಸು ತೆರೆದು, ನೀಲಿ ಹೂವಿನ ಕಪ್ಪಿನಲ್ಲಿ ಬಿಸಿಹಾಲು ತಂದಳು. ರೂಪಾಳ ಕೈ ಹಿಂದೆ ಸರಿಯಿತು. ಅಮ್ಮನಿಗೆ ಅರ್ಥವಾಗಲಿಲ್ಲ, ತನ್ನಲ್ಲಿರುವುದರಲ್ಲಿ ಅತ್ಯುತ್ತಮವಾದದ್ದನ್ನೇ ತಂದಿದ್ದಳಲ್ಲ, ತನ್ನ ಮಗನ ಹಾಗೆಯೇ. ಆಗ ಮಾದೇಶ, ಅಡುಗೆಮನೆಯ ಹೊಸ್ತಿಲನ್ನು ಊಟಕ್ಕಲ್ಲದೆ ದಾಟದ ನನ್ನ ತಮ್ಮ, ಒಳಗೆ ಹೋಗಿ ಆ ಸೊಟ್ಟ ಲೋಟವನ್ನು ಹುಡುಕಿ ತಂದ. ಕಪ್ಪಿನ ಹಾಲನ್ನು ಅದಕ್ಕೆ ಸುರಿದು ಅವಳ ಮುಂದೆ ಹಿಡಿದ. "ಕುಡಿ" ಎಂದ. ಅಷ್ಟೇ ಅಂದದ್ದು. ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದಳು.

ಅಮ್ಮ ಗೊಣಗುತ್ತ ಕಪ್ಪನ್ನು ತೊಳೆದು, ಒರೆಸಿ, ಮತ್ತೆ ಷೋಕೇಸಿಗೆ ಸೇರಿಸಿದಳು. ಅದೂ ಇರಬೇಕು, ನೀವು ಬಂದಾಗ ಬೇಕಾಗುತ್ತದೆ. ಆದರೆ ಬಂದು ಹೋಗಿ ರೂಢಿಯಾದ ಮೇಲೆ ಒಂದು ದಿನ ನಿಮ್ಮ ಕೈಗೂ ಸೊಟ್ಟ ಲೋಟ ಬಂದರೆ, ದಯಮಾಡಿ ಬೇಸರಿಸಿಕೊಳ್ಳಬೇಡಿ.