ಆಯಿ ಹೇಳಿದ ಹೆಸರು

ಔಷಧದ ಆಯಿಯ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಖಜೂರಿ ಊರಿನಲ್ಲಿ ನಮ್ಮ ಮನೆಯ ಎದುರಿಗೇ ಇದ್ದಳು. ಮಕ್ಕಳಾಗದ ಗಂಡಸರಿಗೆ ಒಂದು ಕಷಾಯ ಕೊಡುತ್ತಿದ್ದಳು. ಅದರಲ್ಲಿ ಏನಿದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಹೆಸರು ಹೇಳಿದರೆ ಕೈಗುಣ ಹೋಗುತ್ತದೆ ಎಂದು ಅವಳ ಅತ್ತೆ ಆಣೆ ಹಾಕಿಸಿದ್ದಳಂತೆ.

ನಾನು ಲಾರಿ ಓಡಿಸುತ್ತಿದ್ದೆ. ಸೋದರಮಾವನ ಮಗಳ ಜೊತೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಕುತ್ತಿಗೆಯಲ್ಲಿ ಗಂಟು ಬಂತು. ಕ್ಯಾನ್ಸರ್. ಸೊಲ್ಲಾಪುರದ ಡಾಕ್ಟರು ನೇರವಾಗಿ ಹೇಳಿದರು: ಇಂಜೆಕ್ಷನ್ನಿಗೆ ಗಂಟು ಕರಗುತ್ತದೆ, ಆದರೆ ಮುಂದೆ ಮಕ್ಕಳಾಗದೇ ಇರಬಹುದು.

ಇದನ್ನು ಮುದುಕಿಯ ಮುಂದೆ ಹೇಗೆ ಹೇಳುವುದು? ಅವಳ ಕಟ್ಟೆಯ ಮೇಲೆ ಕುಳಿತು ಲಾರಿಯ ಕೀಲಿಕೈ ತಿರುಗಿಸುತ್ತಿದ್ದೆ.

“ಯಾಕಲೇ, ನಾಚಿಗಿ ಬಂತೇನು? ನೀ ಹುಟ್ಟಿದ ದಿನ ಬತ್ತಲಿ ಹಿಡದಾಕಿ ನಾನ. ಬೊಗಳು.”

ಬೊಗಳಿದೆ. ಕಷಾಯ ಈಗಲೇ ಕೊಡು ಎಂದೆ. ಕೊಡಲಿಲ್ಲ.

“ಅವರ ಔಷಧದ ಮ್ಯಾಲ ನಂದು ಬಿದ್ದು ಜೀವಕ್ಕ ಏನರ ಆದ್ರ? ಮೊದಲ ಡಾಕ್ಟರಿಗೆ ಕೇಳೋಣು, ನಡಿ.”

ನನ್ನ ಲಾರಿಯಲ್ಲೇ ಸೊಲ್ಲಾಪುರಕ್ಕೆ ಬಂದಳು. ದಾರಿಯುದ್ದಕ್ಕೂ ನಾನು ಗೇರು ಹಾಕುವುದನ್ನು ಬೈದಳು.

ಡಾಕ್ಟರು ಕೇಳಿದ್ದು ಒಂದೇ: “ಅದರಾಗ ಏನ ಅದ ಹೇಳ್ರಿ ಆಯಿ. ಗೊತ್ತಿಲ್ಲದ್ದಕ್ಕ ನಾ ಹೂಂ ಅನ್ನಂಗಿಲ್ಲ.”

ಆಯಿ ಸೆರಗು ಬಾಯಿಗೆ ಹಿಡಿದು ಕುಳಿತಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಆಮೇಲೆ ಹೇಳಿದಳು: “ನೆಗ್ಗಿಲಮುಳ್ಳು ರೀ.”

ನಮ್ಮ ಹೊಲದಲ್ಲಿ ಎಲ್ಲರ ಹಿಮ್ಮಡಿಗೆ ಚುಚ್ಚುವ ಮುಳ್ಳು ಅದು!

“ಇದು ಬೀಜ ಉಳಸ್ತದೋ ಇಲ್ಲೋ ನನಗ ಗೊತ್ತಿಲ್ಲ,” ಎಂದರು ಡಾಕ್ಟರು. “ಸ್ವಲ್ಪ ತಗೊಳ್ಳಲಿ. ರಕ್ತ ನೋಡ್ಕೋತ ಇರ್ತೇನಿ. ಬಿಡು ಅಂದ ದಿನ ಬಿಡಬೇಕು.”

ವಾಪಸ್ ಬರುವಾಗ ಅವಳೇ ಅಂದಳು: “ನನ್ನ ಕೈಗುಣ ಹೋಯ್ತು. ಹೋಗ್ಲಿ ಬಿಡಲೇ, ಮುದುಕಿ ಕೈ ಇನ್ನೆಷ್ಟ ದಿನ? ಇನ್ನ ನಿಮ್ಮವ್ವ ಕುದಸ್ಲಿ.”

ಅವ್ವ ಕುದಿಸಿದಳು. ಆಯಿ ಪಕ್ಕದಲ್ಲಿ ಕುಳಿತು ಉರಿ ಜಾಸ್ತಿ ಆಯಿತೆಂದು ಬೈಯುತ್ತಿದ್ದಳು, ಪಾತ್ರೆ ಮಾತ್ರ ಮುಟ್ಟುತ್ತಿರಲಿಲ್ಲ. ಕಷಾಯ ಕೇಳಿ ಬೇರೆ ಯಾರು ಬಂದರೂ ನಮ್ಮ ಮನೆ ತೋರಿಸುತ್ತಿದ್ದಳು.

ಗಂಟು ಹೋಯಿತು. ಹುಡುಗಿಗೆ ಎಲ್ಲಾ ಹೇಳಿಯೇ ಮದುವೆಯಾದೆ. ಕೆಲವು ವರ್ಷ ಏನೂ ಆಗಲಿಲ್ಲ. ಆಮೇಲೆ ಮಗಳು ಹುಟ್ಟಿದಳು. ಕಷಾಯದಿಂದಲೋ, ದೇಹ ತಾನಾಗಿಯೇ ಸುಧಾರಿಸಿತೋ, ಡಾಕ್ಟರಿಗೂ ಗೊತ್ತಿಲ್ಲ. ನಾನು ಕೂಸನ್ನು ಎತ್ತಿಕೊಂಡು ಆಯಿಯ ಹತ್ತಿರ ಓಡಿದೆ. ಹಾಸಿಗೆ ಹಿಡಿದಿದ್ದಳು.

“ನಿನ್ನ ಔಷಧದ್ದ ಇದು, ಆಯಿ,” ಎಂದೆ.

“ಔಷಧದ ಮಾತು ಅತ್ತಾಗಿಡು. ಕೂಸಿನ ತಲಿಗಿ ಕೈ ಕೊಡಲೇ ಮೊದಲ, ಚೀಲ ಹಿಡದಂಗ ಹಿಡದಿ!”

ಕೈ ಕೊಟ್ಟೆ. ಅವಳಿಂದ ನಾನು ತಿಂದ ಕೊನೆಯ ಬೈಗುಳ ಅದು.