ಹತ್ತು ನಿಮಿಷ ಕಡಿಮೆ ಬಿದ್ದ ಡ್ರೈವರ್ ನಿಂಗರಾಜು

ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುವ ನಿಂಗರಾಜುವನ್ನು ಜನ ಇವತ್ತಿಗೂ ಕರೆಯುವುದು ಡ್ರೈವರ್ ನಿಂಗರಾಜು ಅಂತಲೇ. ಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆ ಮೇಲೆ ಕಿಕ್ಕೇರಿಗೆ ಹೋಗುವ ಖಾಸಗಿ ಬಸ್ಸನ್ನು ಹನ್ನೊಂದು ವರ್ಷ ಓಡಿಸಿದವನು. ಐದು ವರ್ಷದ ಹಿಂದೆ, ಕಬ್ಬು ಕಡಿಯುವ ಕಾಲದಲ್ಲಿ, ಎದುರಿಗೆ ಬಂದ ಟ್ರಾಕ್ಟರಿನ ಲೋಡಿನಿಂದ ಆಚೆಗೆ ಚಾಚಿಕೊಂಡಿದ್ದ ಜಲ್ಲೆಯೊಂದು ಬಸ್ಸಿನ ಗಾಜು ಒಡೆದು ಒಳಗೆ ಬಂತು. ಒಳಗಿದ್ದ ನಲವತ್ತು ಜನರಿಗೆ ಏನೂ ಆಗಲಿಲ್ಲ. ಇವನು ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಬಲಗಣ್ಣು ಮುಟ್ಟಿ ನೋಡಿಕೊಂಡ. ಕಣ್ಣು ಹೋಗಿತ್ತು. ಹಿಂದೆಯೇ ಲೈಸೆನ್ಸೂ ಹೋಯಿತು. ಅಷ್ಟಗಲ ಕಬ್ಬು ತುಂಬಿದವನು ಯಾರು, ತುಂಬಿಕೋ ಅಂತ ಬಿಟ್ಟವನು ಯಾರು ಎಂದು ಯಾರೂ ಕೇಳಲಿಲ್ಲ. ಈಗಲೂ ಹಾಗೇ ತುಂಬುತ್ತಾರೆ, ಬೇಕಿದ್ದರೆ ಡಿಸೆಂಬರಿನಲ್ಲಿ ಆ ರಸ್ತೆಗೆ ಹೋಗಿ ನೋಡಿ.

ಇಂಥವನು ಕಂಪ್ಯೂಟರಿನಲ್ಲಿ ಕಾರ್ ರೇಸು ಆಡುತ್ತಾನೆ ಅಂದರೆ ನಗು ಬರುತ್ತದೆ. ನಾನೂ ನಕ್ಕಿದ್ದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ‘ಪರದೆ ಚಪ್ಪಟೆ ಅಲ್ವಾ ಸಾರ್, ಅದರ ಮುಂದೆ ಕುಂತ ಮೇಲೆ ಎಲ್ಲಾರೂ ಒಕ್ಕಣ್ಣರೇ’ ಅಂದ. ನನ್ನ ನಗು ಅಲ್ಲಿಗೆ ನಿಂತಿತು.

ಪಾಂಡವಪುರದಿಂದ ಎಂಟು ಕಿಲೋಮೀಟರ್ ಆಚೆಗಿನ ಅವನ ಊರಿನ ಮನೆಯಲ್ಲಿ, ಹಿಂದೆ ಮೇವು ಒಟ್ಟುತ್ತಿದ್ದ ಕೋಣೆಯಲ್ಲಿ, ಗುಜರಿಯಿಂದ ತಂದ ಬಸ್ಸಿನ ಡ್ರೈವರ್ ಸೀಟು ನೆಲಕ್ಕೆ ಬೋಲ್ಟ್ ಆಗಿದೆ. ಅದರ ಮುಂದೆ ಯಾರೋ ಆಡಿ ಬಿಟ್ಟ ಸ್ಟೀರಿಂಗು, ಮೂರು ಪೆಡಲು, ಒಂದು ಪರದೆ. ಅವನು ಆಡುವುದು ಐದು ನಿಮಿಷದ ಆಟವಲ್ಲ. ನಾಲ್ಕು ಗಂಟೆ, ಆರು ಗಂಟೆ ಒಂದೇ ಸಮ ಓಡುವ ರೇಸು. ಒಂದು ಕಾರಿಗೆ ಇಬ್ಬರು ಡ್ರೈವರು, ಅವರವರ ಮನೆಯಲ್ಲಿ ಕೂತು ಸರದಿಯಲ್ಲಿ ಓಡಿಸಬೇಕು. ಪೆಟ್ರೋಲು ಮುಗಿಯುತ್ತದೆ, ಟೈರು ಸವೆಯುತ್ತದೆ. ಪಿಟ್ ಅಂತ ಒಂದು ಜಾಗವಿದೆ, ಅಲ್ಲಿಗೆ ಬಂದು ಪೆಟ್ರೋಲು ತುಂಬಿಸಬೇಕು, ಟೈರು ಬದಲಿಸಬೇಕು, ಡ್ರೈವರು ಬದಲಾಗುವುದೂ ಅಲ್ಲೇ. ಓಡಿಸುತ್ತಿರುವವನ ಕರೆಂಟೋ ನೆಟ್ಟೋ ಹೋದರೆ ಕಾರು ರೇಸಿನಿಂದಲೇ ಮಾಯ.

ಹುಡುಗರು ಕಾರನ್ನು ಮೊದಲ ಐದು ಸುತ್ತಿಗೆ ಹದ ಮಾಡುತ್ತಾರಂತೆ. ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ಹಿಂಬದಿಯ ರೆಕ್ಕೆ ತಗ್ಗಿಸಿ, ಟೈರಿನ ಗಾಳಿ ಬಿಗಿ ಮಾಡಿ, ಹೊರಟರೆ ಬಾಣ. ನಲವತ್ತನೇ ಸುತ್ತಿಗೆ ಟೈರು ಹರಿದು ತಿರುವಿನಲ್ಲಿ ಜಾರಿ ಗೋಡೆಗೆ. ‘ಅವ್ರು ಖಾಲಿ ಬಸ್ಸಿಗೆ ಸೆಟ್ ಮಾಡ್ತಾರೆ ಸಾರ್. ನಾನು ಸಂತೆ ದಿನದ ಬಸ್ಸಿಗೆ ಮಾಡ್ತೀನಿ’ ಅನ್ನುತ್ತಿದ್ದ. ಟ್ಯಾಂಕು ತುಂಬಿದ್ದಾಗ ಬ್ರೇಕಿನ ಬಲ ಮುಂದಿನ ಚಕ್ರಕ್ಕೆ ಎಷ್ಟು, ಪೆಟ್ರೋಲು ಕರಗಿ ಹಗುರಾದ ಮೇಲೆ ಹಿಂದಕ್ಕೆ ಎಷ್ಟು ಸರಿಸಬೇಕು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಬಸ್ ಮಾಲೀಕ ಡೀಸೆಲ್ ಅಳೆದು ಕೊಡುತ್ತಿದ್ದ ಕಾಲದಲ್ಲಿ ಕಲಿತದ್ದು ಇನ್ನೊಂದು: ತಿರುವು ಬರುವ ಮೊದಲೇ ಕಾಲು ತೆಗೆದು ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಡುವುದು. ಬೇರೆಯವರ ಟ್ಯಾಂಕು ಐವತ್ತು ನಿಮಿಷಕ್ಕೆ ಬತ್ತಿದರೆ ಇವನದು ಒಂದು ಗಂಟೆ ಬರುತ್ತಿತ್ತು. ನಾಲ್ಕು ಗಂಟೆಯ ರೇಸಿನಲ್ಲಿ ಅವರು ನಾಲ್ಕು ಸಲ ನಿಂತರೆ ಇವನು ಮೂರೇ ಸಲ.

ಅವನ ಜೊತೆಗಾರ್ತಿ ಮೈಸೂರಿನ ಅಕ್ಷಿತಾ. ಮನೆಯಲ್ಲೇ ಕೂತು ಲೆಕ್ಕಪತ್ರದ ಕೆಲಸ ಮಾಡುವ ಹೆಣ್ಣುಮಗಳು, ಒಂದನೇ ಕ್ಲಾಸಿನ ಮಗಳ ತಾಯಿ. ಇಬ್ಬರೂ ಮುಖ ನೋಡಿಲ್ಲ. ಅವಳಿಗೆ ಇವನು ನಿಂಗರಾಜಣ್ಣ, ಇವನಿಗೆ ಅವಳು ಮೇಡಂ.

ಹೋದ ಫೆಬ್ರವರಿಯ ಒಂದು ಶನಿವಾರ ಅವರಿಗೊಂದು ಅರ್ಹತೆಯ ರೇಸಿತ್ತು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ. ಗೆಲ್ಲಬೇಕಿಲ್ಲ, ಮುಗಿಸಬೇಕು. ಮುಗಿಸಿದವರಿಗೆ ವರ್ಷವಿಡೀ ನಡೆಯುವ ಸರಣಿಯ ಡ್ರೈವರುಗಳ ಪಟ್ಟಿಯಲ್ಲಿ ಹೆಸರು. ನಿಯಮ ಒಂದೇ ಬಿಗಿ: ಇಬ್ಬರಲ್ಲಿ ಪ್ರತಿಯೊಬ್ಬರೂ ತೊಂಬತ್ತು ನಿಮಿಷವಾದರೂ ಓಡಿಸಿರಬೇಕು. ಒಬ್ಬರದು ಕಡಿಮೆ ಬಿದ್ದರೂ ಕಾರು ಅನರ್ಹ.

ಒಂದು ಪಟ್ಟಿಯಲ್ಲಿ ಹೆಸರು ಬಂದರೆ ಏನು ಮಹಾ ಅನ್ನಬಹುದು. ‘ಮಾಜಿ’ ಅನ್ನುವ ಮಾತಿಲ್ಲದೆ ಡ್ರೈವರ್ ಅಂತ ಯಾರಾದರೂ ಬರೆದು ಕೊಡಲಿ ಅಂತ ಐದು ವರ್ಷ ಕಾದವನಿಗೆ ಅದು ಏನು ಅಂತ ನಿಮಗೆ ನನಗೆ ಗೊತ್ತಾಗುವುದಿಲ್ಲ.

ಈ ರೇಸಿಗೆ ಅವರು ಮಾಡಿದ ಯೋಜನೆಯನ್ನು ಬೇರೆ ಯಾವ ತಂಡವೂ ಮಾಡಿರಲಾರದು. ನಿಂಗರಾಜುವಿನ ಊರಿಗೆ ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ಬರುತ್ತಿದ್ದುದು ಮಧ್ಯಾಹ್ನ ಹನ್ನೆರಡರಿಂದ ಎರಡು, ಉಳಿದದ್ದು ನಡುರಾತ್ರಿ. ಅದು ಬಂದ ಗಳಿಗೆಗೆ ಊರಿನ ಪಂಪುಗಳೆಲ್ಲ ಆಟೋ ಸ್ಟಾರ್ಟರಿನಲ್ಲಿ ಒಟ್ಟಿಗೆ ಎದ್ದು, ಹಳೇ ಟ್ರಾನ್ಸ್‌ಫಾರ್ಮರು ಉಸಿರು ಬಿಟ್ಟು, ಮನೆಯ ಫ್ಯಾನು ತೆವಳುತ್ತದೆ. ಕಂಪ್ಯೂಟರು ಏಳುವುದಿಲ್ಲ. ಅವನ ಯುಪಿಎಸ್ ಬ್ಯಾಟರಿ ತಡೆಯುವುದು ಎಂಟು ನಿಮಿಷ. ಅಕ್ಷಿತಾಳಿಗೆ ಶನಿವಾರ ಹನ್ನೊಂದೂವರೆಗೆ ಮಗಳ ಸ್ಕೂಲು ಬಿಡುತ್ತದೆ, ಕರೆತರಬೇಕು. ಹಾಗಾಗಿ ಒಂಬತ್ತರಿಂದ ಹತ್ತು ಇವನು, ಹತ್ತರಿಂದ ಹನ್ನೊಂದು ಅವಳು, ಹನ್ನೊಂದರಿಂದ ಹನ್ನೆರಡು ಮತ್ತೆ ಇವನು, ಕೊನೆಯ ಗಂಟೆ ಅವಳು. ಟ್ಯಾಂಕು ಒಂದು ಗಂಟೆ ಬಂದರೆ ಮಾತ್ರ ಇದು ಕೂಡಿ ಬರುತ್ತದೆ. ಇವನ ಕಾಲು ಅದನ್ನು ತರಿಸುತ್ತಿತ್ತು, ಅವಳಿಗೂ ಅದನ್ನು ಹೇಳಿಕೊಟ್ಟಿದ್ದ.

ಮೊದಲ ಎರಡು ಗಂಟೆ ಬರೆದಿಟ್ಟ ಹಾಗೆ ನಡೆಯಿತು. ಇಪ್ಪತ್ತಾರು ಕಾರಿನಲ್ಲಿ ಒಂಬತ್ತನೇ ಸ್ಥಾನ. ಹನ್ನೊಂದಕ್ಕೆ ಇವನು ಎರಡನೇ ಸಲ ಸೀಟಿಗೆ ಕೂತ. ‘ಅಣ್ಣಾ, ಪಾಪುನ ಕರ್ಕೊಂಡು ಹನ್ನೆರಡರೊಳಗೆ ಬಂದ್ಬಿಡ್ತೀನಿ. ಗುದ್ದಬೇಡಿ’ ಅಂದಳು ಅಕ್ಷಿತಾ. ‘ಹನ್ನೊಂದು ವರ್ಷದಲ್ಲಿ ಒಂದು ಕೋಳಿ ಮೇಲೂ ಹತ್ತಿಸಿಲ್ಲ ಮೇಡಂ, ನೀವು ಹೋಗಿ’ ಅಂದ ಇವನು.

ಹನ್ನೊಂದೂಕಾಲಿಗೆ ರಸ್ತೆಯಲ್ಲಿ ಬೈಕು ನಿಂತ ಸದ್ದು. ಲೈನ್‌ಮನ್ ಮರಿಸ್ವಾಮಿಯ ಗಂಟಲು. ‘ಮಾಯಕ್ಕಾ, ಎಲ್ಲವ್ನೆ ನಿನ್ ಮಗ? ನಾಕು ಸಲ ಫೋನ್ ಮಾಡ್ದೆ, ಎತ್ತಲ್ಲ! ಅರ್ಜಿ ಪಾಸಾಯ್ತು ಕಣಕ್ಕಾ! ಇವತ್ತಿಂದ ಹಗಲೊತ್ತೇ ತ್ರೀಫೇಸು, ಸಂಜೆ ಗಂಟ! ಈಗ್ ಬಿಟ್ರು ನೋಡು!’

ಅರ್ಜಿ ಯಾವುದು ಅಂತ ಹೇಳಬೇಕು. ವರ್ಷದ ಹಿಂದೆ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದ, ಅದೇ ಊರಿನ ಬೀರಮ್ಮನ ಗಂಡನಿಗೆ ಹಾವು ಕಚ್ಚಿತು. ಬೆಳಿಗ್ಗೆ ಬದುವಿನ ಮೇಲೆ ಸಿಕ್ಕಿದ. ಆಮೇಲೆ ಊರಿನವರೆಲ್ಲ ಸೇರಿ ಕೊಟ್ಟ ಅರ್ಜಿ ಅದು. ಎರಡು ಗಂಟೆ ಸಾಲದು, ಹಗಲು ಪೂರ್ತಿ ಕರೆಂಟು ಕೊಡಿ ಅನ್ನುವುದು ಒಂದು, ಹಳೇ ಟ್ರಾನ್ಸ್‌ಫಾರ್ಮರು ಬದಲಿಸಿ ಅನ್ನುವುದು ಎರಡು. ಬರೆದವನು, ಟೈಪು ಮಾಡಿದವನು, ಮೂರು ಸಲ ಕಚೇರಿಗೆ ಅಲೆದವನು ನಿಂಗರಾಜು.

ಅವನ ತಾಯಿ ಮಾಯಮ್ಮ ಅಂಗಳದಿಂದಲೇ ಕೂಗಿದಳು. ‘ಲೋ ಮಗಾ, ಕರೆಂಟು ಬತ್ತಂತೆ ಕಣ್ಲಾ!’

ಕರೆಂಟು ಬಂತು, ಫ್ಯಾನು ತೆವಳಿತು, ಯುಪಿಎಸ್ ಕೀ ಕೀ ಅನ್ನತೊಡಗಿತು. ಎಂಟು ನಿಮಿಷ.

ಕಾರನ್ನು ಪಿಟ್ಟಿಗೆ ತರುವುದು ಕಷ್ಟವಾಗಲಿಲ್ಲ. ಕಾರನ್ನು ತೆಗೆದುಕೊಳ್ಳುವವರು ಬೇಕಲ್ಲ? ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು ಇನ್ನೊಂದು ಕೈಯಲ್ಲಿ ಫೋನು ಮಾಡಿದ. ಅಕ್ಷಿತಾ ಸ್ಕೂಟರಿನಲ್ಲಿ ಸ್ಕೂಲಿನ ಗೇಟಿನ ಹತ್ತಿರ. ಅವಳು ಮನೆಯಲ್ಲಿದ್ದ ಮಾವನಿಗೆ ಫೋನು ಹಾಕಿದಳು. ‘ಮಾವ, ನನ್ನ ಕಂಪ್ಯೂಟರಲ್ಲಿ ಹಸಿರು ಬಟನ್ ಬರುತ್ತೆ, ಒತ್ತಿ.’ ‘ಒತ್ತಿದ್ರೆ ಏನಾಗುತ್ತಮ್ಮ? ಬ್ಯಾಂಕಿಂದ ದುಡ್ಡು ಗಿಡ್ಡು ಹೋಗಲ್ಲ ತಾನೆ?’ ‘ಮಾವ, ಒತ್ತಿ!’ ಆ ಹಿರಿಯರು ಕನ್ನಡಕ ಹುಡುಕಿ ಒತ್ತಿದರು, ಕಾರು ಅಕ್ಷಿತಾಳ ಕಂಪ್ಯೂಟರಿಗೆ ದಾಟಿತು. ಅದಾಗಿ ಇಪ್ಪತ್ತು ಸೆಕೆಂಡಿಗೆ ಇಲ್ಲಿ ನಿಂಗರಾಜುವಿನ ಪರದೆ ಕಪ್ಪಾಯಿತು.

ಕಾರು ಉಳಿಯಿತು. ಯಾರೂ ಓಡಿಸದೆ ಪಿಟ್ಟಿನಲ್ಲಿ ನಿಂತಿತ್ತು, ಅಷ್ಟೇ. ಹನ್ನೊಂದೂ ಐವತ್ತಕ್ಕೆ ಅಕ್ಷಿತಾ ಬಂದು ಎಲ್ಲರಿಗಿಂತ ಕೊನೆಯಲ್ಲಿ ಹೊರಟಳು. ಚಿಂತೆಯಿಲ್ಲ, ಮುಗಿಸಿದರೆ ಸಾಕು. ಅವಳೇ ಫೋನಿನಲ್ಲಿ ಹೇಳಿದಳು: ‘ಅಣ್ಣಾ, ನಿಮ್ಮದು ಎಂಬತ್ತು ನಿಮಿಷ ಆಗಿದೆ. ಹತ್ತು ನಿಮಿಷ ಸಾಕು. ಹನ್ನೆರಡೂ ಮುಕ್ಕಾಲಿಗೆ ನಾನು ಪಿಟ್ಟಿಗೆ ತರ್ತೀನಿ. ಹೇಗಾದ್ರೂ ಅಷ್ಟೊತ್ತಿಗೆ ಲೈನಿಗೆ ಬನ್ನಿ.’

ಹೇಗಾದರೂ. ಊರಿನಲ್ಲಿ ಜನರೇಟರು ಇರುವುದು ಶಾಮಿಯಾನದ ಚಲುವಯ್ಯನ ಹತ್ತಿರ. ಅದು ಆವತ್ತು ಕಿಕ್ಕೇರಿಯ ಮದುವೆಗೆ ಹೋಗಿತ್ತು. ‘ಮೊದ್ಲೇ ಹೇಳ್ಬಾರ್ದೇನ್ಲಾ? ನೀನ್ ಮದುವೆ ಆಗೋದಾದ್ರೆ ಪುಕ್ಕಟೆ ಕೊಡ್ತಿದ್ದೆ’ ಅಂದ ಚಲುವಯ್ಯ. ಇನ್ವರ್ಟರು ಇದ್ದ ಒಂದು ಮನೆಗೆ ಬೀಗ. ಪಾಂಡವಪುರಕ್ಕೆ ಎಲ್ಲವನ್ನೂ ಬಿಚ್ಚಿ ಸಾಗಿಸಿ ಜೋಡಿಸಲು ಹೊತ್ತಿಲ್ಲ. ಹನ್ನೆರಡೂ ಇಪ್ಪತ್ತಕ್ಕೆ ಅವನು ಟ್ರಾನ್ಸ್‌ಫಾರ್ಮರಿನ ಹತ್ತಿರ ಓಡಿದ. ಮರಿಸ್ವಾಮಿ ಕಂಬದ ಕೆಳಗೆ ಕೂತು ಬೀಡಿ ಹಚ್ಚುತ್ತಿದ್ದ.

‘ಮರಿಯಣ್ಣಾ, ಹದಿನೈದು ನಿಮಿಷ ತ್ರೀಫೇಸ್ ತೆಗಿ. ಪಂಪು ನಿಂತ್ರೆ ಮನೆ ಕರೆಂಟು ಸರಿಹೋಗ್ತದೆ.’

ಮರಿಸ್ವಾಮಿ ಬೀಡಿ ಕೆಳಗಿಳಿಸಿದ. ‘ಯಾಕ್ಲಾ?’

ನಿಂಗರಾಜು ಹೇಳಿದ. ಲೈನ್‌ಮನ್ ನಗಲಿಲ್ಲ. ಇದು ನನಗೆ ಬಹಳ ದಿನ ನೆನಪಿರುತ್ತದೆ, ಅವನು ನಗಲಿಲ್ಲ.

‘ತೆಗೆಯೋದು ಒಂದು ಗಳಿಗೆ ಕೆಲ್ಸ. ಆದ್ರೆ ಕೇಳ್ಲಾ. ಇವತ್ತು ಪರೀಕ್ಷೆ. ಅತ್ಲಾಗೆ ಕರೆಂಟ್ ಸ್ಟೇಷನ್ನಲ್ಲಿ ಗಂಟೆ ಗಂಟೆಗೂ ಬರ್ಕೊತಾವ್ರೆ. ಮಧ್ಯ ಒಂದ್ಸಲ ಲೈನ್ ಬಿದ್ರೂ, ಈ ಊರು ಹಗಲೊತ್ತು ಲೋಡ್ ತಡಿಯಲ್ಲ ಅಂತ ಬರೆದ್ಬುಡ್ತಾರೆ. ಸೋಮವಾರದಿಂದ ಮತ್ತೆ ರಾತ್ರಿಗೇ.’ ಎದ್ದು ಪ್ಯಾಂಟು ಕೊಡವಿಕೊಂಡ. ‘ಅರ್ಜಿ ಬರೆದವ್ನು ನೀನು. ನೀನೇ ಹೇಳು. ತೆಗಿ ಅಂದ್ರೆ ತೆಗಿತೀನಿ.’

ಹತ್ತು ಹೆಜ್ಜೆ ಆಚೆಗೆ ಬೀರಮ್ಮನ ಗದ್ದೆ. ಅವಳು ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ನಿಂತು ಗುದ್ದಲಿಯಲ್ಲಿ ಮಣ್ಣು ಸರಿಸಿ ಮಡಿಯಿಂದ ಮಡಿಗೆ ನೀರು ತಿರುಗಿಸುತ್ತಿದ್ದಳು. ಮೊದಲಿನ ಎರಡು ಗಂಟೆಯ ಕರೆಂಟಿನಲ್ಲಿ ನೀರು ಅವಳ ಗದ್ದೆಗೆ ಮುಟ್ಟುತ್ತಲೇ ಇರಲಿಲ್ಲ, ಗಂಡ ಸತ್ತ ಮೇಲೆ ಅವಳು ಹಗಲಿನಲ್ಲಿ ನೀರು ಕಟ್ಟಿದ್ದು ಅದೇ ಮೊದಲು. ಇವರನ್ನು ನೋಡಿ ಅಲ್ಲಿಂದಲೇ ಕೂಗಿದಳು. ‘ನಿಂಗಣ್ಣ, ನಿನ್ ಕೈಗುಣ ಕಣಪ್ಪ! ಕಾಲ್ ಎಲ್ಲಿಡ್ತಾವ್ನಿ ಅಂತ ಕಾಣ್ತದೆ ನೋಡು! ಬಂದು ಮಜ್ಜಿಗೆ ಕುಡ್ಕೊಂಡ್ ಹೋಗು!’

‘ಬಾಯಿ ತೆರೆದಿದ್ದೆ ಸಾರ್’ ಅಂತ ನಿಂಗರಾಜು ನನಗೆ ಹೇಳಿದ. ‘ತೆಗಿ ಅನ್ನೋಕೇ ತೆರೆದಿದ್ದೆ. ಸುಳ್ಳು ಯಾಕೆ ಹೇಳ್ಲಿ? ಆಯಮ್ಮ ಕೂಗದೇ ಇದ್ದಿದ್ರೆ ಅಂದೂ ಬಿಡ್ತಿದ್ದೆ.’

ಅನ್ನಲಿಲ್ಲ. ಮರಿಸ್ವಾಮಿ ಮತ್ತೆ ಬೀಡಿ ಹಚ್ಚಿದ.

ನಿಂಗರಾಜು ಮನೆಗೆ ಬಂದು ಬಸ್ಸಿನ ಸೀಟಿನಲ್ಲಿ ಕೂತ. ಹನ್ನೆರಡೂ ಮುಕ್ಕಾಲಿಗೆ ಫೋನು ಬಂತು. ‘ಅಣ್ಣಾ, ಪಿಟ್ಟಲ್ಲಿದ್ದೀನಿ. ಬಂದ್ರಾ?’ ಇವನು ‘ಇಲ್ಲ ಮೇಡಂ’ ಅಂದ. ಅವಳು ‘ಹಂಗಾದ್ರೆ ನಾನೇ ಮುಗಿಸ್ತೀನಿ. ಕಾರ್ ಚೆನ್ನಾಗಿದೆ ಅಣ್ಣ, ಟೈರು ಇನ್ನೂ ಗಟ್ಟಿ ಇದೆ’ ಅಂದಳು. ಅವಳು ಕೊನೆಯ ಹದಿನೈದು ನಿಮಿಷ ಫೋನು ಇಡಲಿಲ್ಲ. ಇವನು ಕಣ್ಣು ಮುಚ್ಚಿ ಕಾರಿನ ಸದ್ದು ಕೇಳುತ್ತಾ, ತಿರುವು ಬಂದ ಕಡೆ ಕಾಲು ತೆಗೆಯುತ್ತಾ ಕೂತಿದ್ದ. ಕಾರು ಗೆರೆ ದಾಟಿತು. ಅನರ್ಹ ಅಂತ ಬಂತು.

ಫಲಿತಾಂಶದ ಹಾಳೆಯನ್ನು ಸೋಮವಾರ ಅಂಗಡಿಯಲ್ಲಿ ಅವನೇ ಪ್ರಿಂಟು ತೆಗೆದು ನನಗೆ ತೋರಿಸಿದ. ಎರಡನೇ ಚಾಲಕ, ನಿಂಗರಾಜು, ಎಂಬತ್ತು ನಿಮಿಷ, ಕನಿಷ್ಠ ಸಮಯ ಪೂರೈಸಿಲ್ಲ. ಇಂಗ್ಲಿಷಿನಲ್ಲಿ ಮೂರು ಸಾಲು. ಆ ಸರಣಿಯ ಪ್ರವೇಶ ಮತ್ತೆ ಮುಂದಿನ ಫೆಬ್ರವರಿಗೆ. ಅಕ್ಷಿತಾ ಕಾಯುತ್ತೇನೆ ಅಂದಿದ್ದಾಳೆ. ಆದರೆ ಈಗ ಅವನ ಊರಿನಲ್ಲಿ ಹನ್ನೊಂದೂಕಾಲಿನಿಂದ ಸಂಜೆವರೆಗೆ ಯಾವ ಮನೆಯ ಫ್ಯಾನೂ ಸರಿಯಾಗಿ ತಿರುಗುವುದಿಲ್ಲ, ಕಂಪ್ಯೂಟರಿನ ಮಾತು ಎಲ್ಲಿ ಬಂತು? ಆ ಸರಣಿಯ ರೇಸುಗಳೆಲ್ಲ ನಡೆಯುವುದು ಹಗಲಿನಲ್ಲೇ.

ಯಾರನ್ನು ಬೈಯಬೇಕು ಹೇಳಿ? ಬೀರಮ್ಮನನ್ನೋ, ಮರಿಸ್ವಾಮಿಯನ್ನೋ? ಎರಡು ಬೇಡಿಕೆಯ ಅರ್ಜಿಯಲ್ಲಿ ಮೊದಲನೆಯದನ್ನು ಕೊಟ್ಟು, ಎರಡನೆಯದರ ಮುಂದೆ ‘ಪರಿಶೀಲನೆಯಲ್ಲಿದೆ’ ಅಂತ ಬರೆದು ಊಟಕ್ಕೆ ಎದ್ದು ಹೋದ ಒಂದು ಕೈ ಇದೆಯಲ್ಲ, ಆ ಕೈಗೆ ಮುಖವಿಲ್ಲ. ಹುಡುಕಿಕೊಂಡು ಹೋದರೆ ಆ ಮೇಜಿನಲ್ಲಿ ಬೇರೆಯವರು ಕೂತಿರುತ್ತಾರೆ. ಹಗಲು ಕರೆಂಟೂ ಕೊಟ್ಟು ಟ್ರಾನ್ಸ್‌ಫಾರ್ಮರೂ ಬದಲಿಸಿದ್ದರೆ ಗದ್ದೆಗೂ ನೀರು, ಇವನಿಗೂ ಹತ್ತು ನಿಮಿಷ. ಕೇಳಿದ್ದರಲ್ಲಿ ಅರ್ಧ ಕೊಟ್ಟು, ನೀವು ನೀವೇ ಹಂಚಿಕೊಳ್ಳಿ ಅಂತ ಬಿಟ್ಟುಬಿಡುತ್ತಾರೆ. ಹಂಚಿಕೊಳ್ಳಲು ಹೋದವನ ಪಾಲಿಗೆ ಏನೂ ಉಳಿಯುವುದಿಲ್ಲ.

ಆಮೇಲೊಂದು ದಿನ ನಾನು ಅಂಗಡಿಗೆ ಹೋದಾಗ ಅವನು ಎರಡನೇ ಅರ್ಜಿ ಟೈಪು ಮಾಡುತ್ತಿದ್ದ. ಟ್ರಾನ್ಸ್‌ಫಾರ್ಮರಿಗೆ. ಕಾರಣಗಳ ಸಾಲು ಓದಿದೆ. ಮಕ್ಕಳ ಓದು, ಹಿಟ್ಟಿನ ಗಿರಣಿ, ಹಾಲಿನ ಡೈರಿಯ ಯಂತ್ರ, ಅಂಗನವಾಡಿಯ ಫ್ಯಾನು.

‘ನಿನ್ನದು ಎಲ್ಲಿ?’ ಅಂತ ಕೇಳಿದೆ.

‘ನಂದು ಬರೆದ್ರೆ ನಕ್ಕು ಪಕ್ಕಕ್ಕಿಡ್ತಾರೆ ಸಾರ್’ ಅಂದ. ‘ಊರಿನ ಕೆಲ್ಸಾನೂ ಕೆಡ್ತದೆ.’

ಪ್ರಿಂಟು ಕೊಟ್ಟ. ಸಹಿಯ ಜಾಗಕ್ಕೆ ಹದಿನೆಂಟು ಗೆರೆ ಎಳೆದಿದ್ದ. ಮೊದಲ ಗೆರೆಯ ಮೇಲೆ ಬೀರಮ್ಮನ ಹೆಸರು, ಕೊನೆಯದರಲ್ಲಿ ಅವನದು. ಉದ್ಯೋಗ ಅನ್ನುವ ಕಡೆ ಬೇಸಾಯ, ಬೇಸಾಯ, ಬೇಸಾಯ ಅಂತ ಇಳಿದು ಬಂದು, ಅವನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ.