ಮಗಳ ತೂಕಕ್ಕೆ ಅಳೆದ ಮದ್ದು

ಅನುಮಾನವೇ ನನಗೆ ಅನ್ನ ಹಾಕುವ ಕಸುಬು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದಕ್ಕೆ ಇಪ್ಪತ್ತು ವರ್ಷದಿಂದ ಸಂಬಳ ಪಡೆಯುತ್ತಿದ್ದೇನೆ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಹಾಲಿನ ಕ್ಯಾನಿನ ಮೇಲೆ ತಾರೀಖು ಓದಿದ ಮೇಲೂ ಮುಚ್ಚಳ ತೆಗೆದು ಮೂಸುತ್ತೇನೆ. ನನ್ನ ಗಂಡ ನನಗೆ ಪತ್ತೇದಾರಿ ಇಲಾಖೆ ಎಂದು ಹೆಸರಿಟ್ಟಿದ್ದಾರೆ.

ಆದ್ದರಿಂದ ಹನ್ನೆರಡು ವರ್ಷದ ಮಗಳು ಜಿಂಕೆ ಬೇಟೆ ಕಲಿಯುತ್ತೇನೆ ಎಂದಾಗ ನಾನು ಮೊದಲು ಅನುಮಾನಪಟ್ಟದ್ದು ಅವಳ ಸಹವಾಸವನ್ನು. ಕರೋನಾ ಕಳೆದು ಶಾಲೆಗಳು ಸರಿಯಾಗಿ ತೆರೆದ ಮೇಲಿನ ಮಾತು ಇದು. ನಾವಿರುವ ಲಾರೆನ್ಸ್‌ವಿಲ್‌ನಲ್ಲಿ ಅವಳ ತರಗತಿಯ ಅರ್ಧ ಮಕ್ಕಳ ಮನೆಯಲ್ಲಿ ಬಂದೂಕಿತ್ತು. ನಮ್ಮ ಮನೆಗೂ ಒಂದು ಬಂದಿತ್ತು. ಹಿಂದಿನ ವರ್ಷ ಗ್ರೀನ್ ಕಾರ್ಡ್ ಕೈಸೇರಿದಾಗ ಗಂಡ ರೈಫಲ್ ಕೊಂಡು, ಎರಡು ವಾರಾಂತ್ಯ ಬೇಟೆಗೆಂದು ಓಡಾಡಿ, ಬೀರುವಿನಲ್ಲಿಟ್ಟು ಬೀಗ ಹಾಕಿ ಮರೆತುಬಿಟ್ಟಿದ್ದರು. ನಾವು ಮಂಡ್ಯ ಕಡೆಯ ಮಾಂಸ ತಿನ್ನುವ ಮನೆಯವರು. ಪ್ಯಾಕೆಟ್ಟಿನಲ್ಲಿ ಬಂದರೆ ತಿನ್ನುತ್ತೀಯ, ಬೇಟೆ ಅಂದರೆ ಯಾಕೆ ಮುಖ ಕಿವುಚುತ್ತೀಯ ಎಂದು ಮಗಳು ಕೇಳಿದಾಗ ನಾನು ಒಪ್ಪಲೇಬೇಕಾಯಿತು.

ತೊಡಕಿದ್ದದ್ದು ರೈಫಲಿನ ಒದೆತದಲ್ಲಿ. ಮಗಳು ಪೀಚು. ಗಂಡ ಹೊಡೆಯುವ ತೋಟಾವನ್ನೇ ಹಾಕಿದರೆ ಆ ಬಂದೂಕು ಅವಳ ಹೆಗಲನ್ನು ಕತ್ತೆಯ ಹಾಗೆ ಒದೆಯುತ್ತಿತ್ತು. ಎರಡು ಸಲ ಒದೆಸಿಕೊಂಡ ಮಕ್ಕಳು ಆಮೇಲೆ ಬಂದೂಕಿನ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರಂತೆ. ಕಣ್ಣು ಮುಚ್ಚಿ ಹೊಡೆದ ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ಭಯವಾಗಿತ್ತು.

ಇದಕ್ಕೆ ಪರಿಹಾರ ಇದ್ದದ್ದು ನಮ್ಮದೇ ಬೀದಿಯಲ್ಲಿ, ಡಾಕ್ಟರ್ ಅಂಕಲ್ ಅವರ ಗರಾಜಿನಲ್ಲಿ. ಎಪ್ಪತ್ತೆಂಟು ವರ್ಷದ ಅವರು ಮೈಸೂರಿನಲ್ಲಿ ಓದಿ, ನಾವು ಹುಟ್ಟುವ ಮೊದಲೇ ಸೌತ್ ಕ್ಯಾರೊಲಿನಾದ ಒಂದು ಸಣ್ಣ ಊರಿಗೆ ಬಂದು, ಅಲ್ಲಿ ಬದುಕಿಡೀ ಅರಿವಳಿಕೆಯ ವೈದ್ಯರಾಗಿದ್ದವರು. ಬೇಟೆಯನ್ನು ಅಲ್ಲಿನ ರೋಗಿಗಳಿಂದಲೇ ಕಲಿತಿದ್ದರು. ಆಂಟಿ ತೀರಿಕೊಂಡ ಮೇಲೆ ಈ ಕಡೆ ಬಂದು ಒಬ್ಬರೇ ಇದ್ದರು. ತೋಟಾಗಳನ್ನು ಅಂಗಡಿಯಿಂದ ತರದೆ ತಾವೇ ತುಂಬುತ್ತಿದ್ದರು: ಖಾಲಿ ಹಿತ್ತಾಳೆ ಕೊಳವೆ, ಅದರೊಳಗೆ ತೂಗಿದ ಮದ್ದಿನ ಪುಡಿ, ಮೇಲೆ ಗುಂಡು. ಪುಡಿ ಕಡಿಮೆಯಾದರೆ ಒದೆತವೂ ಕಡಿಮೆ. ಆದರೆ ಮನಸ್ಸಿಗೆ ಬಂದಷ್ಟು ಕಡಿಮೆ ಮಾಡುವ ಹಾಗಿಲ್ಲ, ಅದೂ ಅಪಾಯವಂತೆ. ಕೈಪಿಡಿಯಲ್ಲಿ ಯಾವ ಪುಡಿ ಎಷ್ಟು ಎಂದಿದೆಯೋ ಅಷ್ಟೇ.

"ಮಗೂಗೆ ಮಗೂ ತೂಕ ನೋಡಿ ಡೋಸ್ ಕೊಡ್ಬೇಕಮ್ಮ. ದೊಡ್ಡೋರ ಡೋಸ್ ಕೊಡೋಕಾಗತ್ತಾ? ನಲವತ್ತು ವರ್ಷ ನಾನು ಮಾಡಿದ್ದು ಇದೇ ಕೆಲಸ," ಎಂದರು.

ನನಗೆ ನಂಬಿಕೆ ಬರಲಿಲ್ಲ. ಆ ವಯಸ್ಸಿನಲ್ಲಿ ಕೈ ನಡುಗುವುದಿಲ್ಲವೇ, ತಕ್ಕಡಿಯ ಗೆರೆ ಕಣ್ಣಿಗೆ ಕಾಣುತ್ತದೆಯೇ? ಅದಕ್ಕೇ ಅವರು ತುಂಬುವ ಶನಿವಾರ ಬೆಳಿಗ್ಗೆ ನಾನೂ ಹೋಗಿ ಮಗಳ ಪಕ್ಕದಲ್ಲಿ ನಿಂತೆ. ರೇಡಿಯೋ ಆಫ್, ಫೋನ್ ಹೊರಗೆ. ಮೇಜಿನ ಮೇಲೆ ಒಂದೇ ಒಂದು ಪುಡಿಯ ಡಬ್ಬ. ಪ್ರತಿ ತೋಟಾದ ಪುಡಿಯನ್ನೂ ಮುಳ್ಳಿನ ತಕ್ಕಡಿಯಲ್ಲಿ ತೂಗಿ, ಕೊಳವೆಗೆ ಸುರಿದು, ಟಾರ್ಚ್ ಹಿಡಿದು ಒಳಗೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದರು. ಒಂದು ತಪ್ಪೂ ಸಿಗಲಿಲ್ಲ. ತಪ್ಪು ಸಿಗದಿದ್ದರೆ ನನ್ನ ಕಸುಬಿನವರಿಗೆ ಸಮಾಧಾನವಾಗುವುದಿಲ್ಲ, ಸರಿಯಾಗಿ ಹುಡುಕಿಲ್ಲ ಅನ್ನಿಸುತ್ತದೆ. ಆ ಅಸಮಾಧಾನವನ್ನು ಜೊತೆಗೇ ಮನೆಗೆ ತಂದೆ.

ಆ ಬೇಸಿಗೆಯಲ್ಲಿ ಮಗಳು ನಾಲ್ಕೈದು ಸಲ ಶೂಟಿಂಗ್ ರೇಂಜಿಗೆ ಹೋದಳು. ಅಂಕಲ್ ಪಕ್ಕದಲ್ಲಿ ಕೂರುತ್ತಿದ್ದರು, ನಾನು ಹಿಂದೆ. ರೈಫಲ್ ಅವಳ ಹೆಗಲನ್ನು ಸುಮ್ಮನೆ ತಳ್ಳಿದ ಹಾಗೆ ಮಾಡುತ್ತಿತ್ತು, ಅಷ್ಟೇ. ಗುಂಡುಗಳೆಲ್ಲ ಕಾಗದದ ನಡುವಿನಲ್ಲೇ ಬೀಳತೊಡಗಿದವು. ಕಣ್ಣು ಮುಚ್ಚುತ್ತಾಳೇನೋ ಎಂದು ನಾನು ಫೋನಿನಲ್ಲಿ ವಿಡಿಯೋ ಮಾಡಿ ನಿಧಾನವಾಗಿ ಓಡಿಸಿ ನೋಡಿದೆ. ಮುಚ್ಚುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಬೇಟೆ ಶುರುವಾಗುವ ಮುಂಚೆ ಕೊನೆಯ ಅಭ್ಯಾಸಕ್ಕೆ ಹೋದ ದಿನ, ಮೂರನೆಯ ಗುಂಡಿಗೆ ಅದು ಆಯಿತು. ಸದ್ದೇ ಬೇರೆಯಾಗಿತ್ತು. ಮಗಳು ಕೂತಲ್ಲೇ ಹಿಂದಕ್ಕೆ ವಾಲಿದಳು. ರೈಫಲಿನ ಮೇಲಿದ್ದ ದುರ್ಬೀನಿನ ಅಂಚು ಬಡಿದು ಹುಬ್ಬಿನ ಮೇಲೆ ಸೀಳಿತ್ತು; ರಕ್ತ ಕಣ್ಣಿನೊಳಕ್ಕೆ ಇಳಿಯುತ್ತಿತ್ತು. ಅಂಕಲ್ ಮೊದಲು ರೈಫಲ್ ತೆರೆದು ಖಾಲಿ ಮಾಡಿಟ್ಟರು, ಆಮೇಲೆ ತಮ್ಮ ಕರವಸ್ತ್ರ ಮಡಿಸಿ ಗಾಯವನ್ನು ಒತ್ತಿ ಹಿಡಿದರು. ಆಸ್ಪತ್ರೆಯ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದೇ ಓದಿಕೊಂಡೆ.

ಮಗಳಿಗೆ ನಾಲ್ಕು ಹೊಲಿಗೆ ಬಿದ್ದವು. ಸಂಜೆ ಅಂಕಲ್ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು, "ಉಳಿದ ತೋಟಾ ಡಬ್ಬೀನ ಕೊಡಮ್ಮ, ಎಲ್ಲಾ ಬಿಚ್ಚಿ ತೂಗಿ ನೋಡ್ತೀನಿ," ಎಂದರು.

"ಬೇಡ ಅಂಕಲ್. ಅದು ನನ್ನ ಹತ್ರಾನೇ ಇರ್ಲಿ," ಎಂದೆ. ತಪ್ಪು ಮಾಡಿದವರ ಕೈಗೇ ಸಾಕ್ಷಿಯನ್ನು ಕೊಡುವಷ್ಟು ದಡ್ಡಿ ನಾನಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ.

"ಏನೇ ಇದು, ಅವ್ರ ಮೇಲೆ ಕೇಸ್ ಹಾಕ್ತೀಯಾ?" ಎಂದು ಗಂಡ ಕೇಳಿದರು.

"ಅವ್ರ ಕೈ ನಡುಗತ್ತೆ ರೀ. ನಾನು ನೋಡಿದೀನಿ," ಎಂದೆ. ನೋಡಿರಲಿಲ್ಲ. ಹೇಳಿದ ಮೇಲೆ ನೋಡಿದ ಹಾಗೇ ಅನ್ನಿಸಿತು.

ಅದೇ ಮಾತನ್ನು ಗೆಳತಿಯೊಬ್ಬಳಿಗೆ ಫೋನಿನಲ್ಲಿ ಹೇಳಿದೆ. ಮುಂದಿನ ಭಾನುವಾರ ಎಲ್ಲರೂ ಅಡುಗೆ ತಂದು ಸೇರುವ ಪಾಟ್‌ಲಕ್ಕಿನ ಹೊತ್ತಿಗೆ ಕನ್ನಡದವರೆಲ್ಲರ ಬಾಯಲ್ಲೂ ಅದೇ ಸುದ್ದಿ. ಮುದುಕರಿಗೆ ಮರೆವು ಶುರುವಾಗಿದೆಯಂತೆ, ಪುಡಿ ಎರಡು ಸಲ ಸುರಿದರಂತೆ, ಕಾರು ಓಡಿಸುವುದನ್ನಾದರೂ ಬಿಡಬೇಕಿತ್ತಂತೆ. ನಾನು ಹೇಳಿದ್ದಕ್ಕಿಂತ ಅದು ಬಹಳ ಬೆಳೆದಿತ್ತು. ನಾನು ಯಾರನ್ನೂ ತಿದ್ದಲಿಲ್ಲ. ಅಂಕಲ್ ಆ ದಿನ ಬಂದಿರಲಿಲ್ಲ.

ಮನೆಯಲ್ಲಿ ಮಗಳು ನನ್ನೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ. "ಅಮ್ಮ, ಅಂಕಲ್ ಮಿಸ್ಟೇಕ್ ಮಾಡಲ್ಲ. ಹೀ ಚೆಕ್ಸ್ ಎವ್ರಿಥಿಂಗ್. ಯು ವರ್ ದೇರ್," ಎಂದಳು. ಆದರೆ ರೈಫಲ್ ಮುಟ್ಟು ಎಂದು ಅವಳಪ್ಪ ಹೇಳಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಡೈನಿಂಗ್ ಟೇಬಲ್ಲಿನ ಕುರ್ಚಿ ಸದ್ದಾದರೂ ಕಣ್ಣು ಮುಚ್ಚುತ್ತಿದ್ದಳು. ಇದನ್ನು ನೋಡಿದಾಗಲೆಲ್ಲ ಅಂಕಲ್ ಮೇಲೆ ನನಗೆ ಹೊಸದಾಗಿ ಸಿಟ್ಟು ಬರುತ್ತಿತ್ತು.

ಹನ್ನೊಂದನೆಯ ದಿನ ಮಗಳೇ ಬೀರುವಿನ ಮುಂದೆ ನಿಂತು ಹಟ ಹಿಡಿದಳು: ಡಬ್ಬಿ ತೆಗೆ, ಅಂಕಲ್ ಮನೆಗೆ ಹೋಗೋಣ. ಸರಿ, ನನ್ನ ಕಣ್ಣೆದುರಿಗೇ ತೂಗಲಿ, ಸಿಕ್ಕಿಬೀಳಲಿ ಎಂದುಕೊಂಡು ಹೊರಟೆ.

ಗರಾಜಿನ ಬಾಗಿಲು ತೆರೆದೇ ಇತ್ತು. ಅಂಕಲ್ ತೋಟಾ ತುಂಬುವ ಯಂತ್ರವನ್ನು ಮೇಜಿನಿಂದ ಬಿಚ್ಚಿ ನೆಲದ ಮೇಲಿಟ್ಟಿದ್ದರು. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ನಮ್ಮನ್ನು ಕಂಡು, "ನೋಟ್‌ಬುಕ್ಕಲ್ಲಿ ಎಲ್ಲಾ ಸರಿಯಾಗಿದೆ ಕಣಮ್ಮ. ಆದ್ರೂ ನನ್ನ ಕೈಯಲ್ಲೇ ತಪ್ಪಾಗಿರ್ಬೇಕು. ಮಗೂಗೆ ಏಟಾದ್ಮೇಲೆ ಇನ್ನೇನು. ಇದೆಲ್ಲಾ ಯಾರಿಗಾದ್ರೂ ಕೊಟ್ಬಿಡ್ತೀನಿ," ಎಂದರು.

ಮಗಳು ತಕ್ಕಡಿಯನ್ನು ಪೆಟ್ಟಿಗೆಯಿಂದ ಹೊರತೆಗೆದು ಮೇಜಿನ ಮೇಲಿಟ್ಟಳು. ಅಂಕಲ್ ಡಬ್ಬಿ ತೆರೆದು ಬೆರಳಿಟ್ಟು ಎಣಿಸಿದರು. "ಇಷ್ಟೊಂದಾ? ಎಷ್ಟು ಉಳಿದಿತ್ತು ಪುಟ್ಟಾ?"

"ಲಾಸ್ಟ್ ಟೈಮ್ ಹನ್ನೊಂದು ಇತ್ತು," ಎಂದಳು ಮಗಳು. ಡಬ್ಬಿಯಲ್ಲಿ ಇಪ್ಪತ್ತರ ಮೇಲಿತ್ತು.

ಒಂದೊಂದೇ ತೋಟಾದ ಗುಂಡನ್ನು ಕಿತ್ತು ಪುಡಿಯನ್ನು ತಟ್ಟೆಗೆ ಸುರಿದು ತೂಗಿದರು. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದರ ಪುಡಿ ತಟ್ಟೆಯಲ್ಲಿ ಗುಡ್ಡೆಯಾಯಿತು. ಅವರು ನೋಟ್‌ಬುಕ್ಕಿನ ಹಳೆಯ ಪುಟವೊಂದನ್ನು ತಿರುವಿ ಬೆರಳಿಟ್ಟು, ಮತ್ತೆ ತೂಗಿ, ಕನ್ನಡಕ ತೆಗೆದರು.

"ಇದು ತಪ್ಪು ತೂಕ ಅಲ್ಲಮ್ಮ. ಇದು ನಿಮ್ಮ ಯಜಮಾನ್ರಿಗೆ ಹೋದ್ವರ್ಷ ಮಾಡಿಕೊಟ್ಟಿದ್ದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಆಗ ನನಗೆ ನೆನಪಾಯಿತು. ಆ ಕೊನೆಯ ಅಭ್ಯಾಸದ ಹಿಂದಿನ ವಾರ, ಹಿರಿಯರ ಹಬ್ಬಕ್ಕೆ ಎಡೆ ಇಡುವ ಮುಂಚೆ ಮನೆಯನ್ನೆಲ್ಲ ತೊಳೆದು ಒರೆಸುವಾಗ ನಾನು ಆ ಬೀರುವನ್ನೂ ಬಿಟ್ಟಿರಲಿಲ್ಲ. ತೋಟಾ ತುಂಬಿದ ಒಂದೇ ಥರದ ಎರಡು ಪ್ಲಾಸ್ಟಿಕ್ ಡಬ್ಬಿ, ಎರಡೂ ಅರ್ಧರ್ಧ. ಮುಚ್ಚಳದಲ್ಲಿ ಅಂಕಲ್ ಬರೆದ ನಂಬರು ಬಿಟ್ಟರೆ ಬೇರೇನೂ ಇಲ್ಲ. ಎರಡೂ ಮಗಳದ್ದೇ, ಒಂದು ಹಳೆಯದು ಒಂದು ಹೊಸದು ಎಂದುಕೊಂಡೆ. ಅರ್ಧ ಡಬ್ಬಿ ತೊಗರಿಬೇಳೆ ಎರಡಿದ್ದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ: ಒಂದಕ್ಕೆ ಸುರಿದು, ಖಾಲಿಯಾದದ್ದನ್ನು ತೊಳೆದು ಮೆಣಸು ಹಾಕಿಟ್ಟೆ. ಅದೊಂದು ಕೆಲಸ ಎಂದು ನೆನಪಿನಲ್ಲೂ ಉಳಿದಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಒಂದು ಕ್ಷಣ ಹಾಗೇ ಲೆಕ್ಕ ಹಾಕಿದೆ, ಸುಳ್ಳು ಹೇಳುವುದಿಲ್ಲ. ಗಂಡನ ಮೇಲೆ ಹೊರಿಸಿದರೂ ನಡೆಯುತ್ತಿತ್ತು. ಆದರೆ ಮಗಳು ಹೊಲಿಗೆಯ ಗುರುತಿದ್ದ ಹುಬ್ಬನ್ನು ಗಂಟಿಕ್ಕಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ನಾನೇ ಅಂಕಲ್. ಎರಡು ಡಬ್ಬೀನ ಒಂದು ಮಾಡ್ಬಿಟ್ಟೆ," ಎಂದೆ.

ಅವರು ಬೈಯುತ್ತಾರೆಂದು ಕಾದೆ. "ಮುಚ್ಚಳದ ಮೇಲೆ ಬರೀ ನಂಬರ್ ಬರೆದಿದ್ದು ನನ್ನದೂ ತಪ್ಪೇ," ಎಂದು ಅವರು ಮಿಕ್ಕ ತೋಟಾಗಳನ್ನು ಬಿಚ್ಚತೊಡಗಿದರು. ಡಬ್ಬಿಯನ್ನು ಆ ಸಂಜೆಯೇ ಕೊಟ್ಟಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಮಾತು. ಹನ್ನೊಂದು ದಿನ ಆ ಮನುಷ್ಯ ತಮ್ಮ ಕೈಯನ್ನೇ ನೋಡಿಕೊಂಡು ಕೂತಿದ್ದರು.

ತಪ್ಪು ನನ್ನದು, ಡಾಕ್ಟರ್ ಅಂಕಲ್ ಅವರದಲ್ಲ ಎಂದು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿದೆ. ಇಬ್ಬರು ಕೈಮುಗಿಯುವ ಚಿತ್ರ ಒತ್ತಿದರು. ಕೆಳಗೆ ಯಾರೋ ಇಡ್ಲಿ ಕುಕ್ಕರ್ ಬೇಕಿತ್ತಾ ಎಂದು ಕೇಳಿದರು, ಮಾತು ಅತ್ತ ಹೋಯಿತು.

ಆ ವರ್ಷ ಮಗಳು ಬೇಟೆಗೆ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳೇ ಹೋಗಿ ಕೇಳಿ, ಯಂತ್ರವನ್ನು ಮತ್ತೆ ಮೇಜಿಗೆ ಬಿಗಿಸಿದಳು. ಈಗ ಅವಳ ತೋಟಾಗಳ ಬುಡಕ್ಕೆಲ್ಲ ಅವಳದೇ ಕೆಂಪು ಉಗುರುಬಣ್ಣ ಹಚ್ಚಿರುತ್ತದೆ. ನಾನೂ ಹೋಗಿ ನಿಲ್ಲುತ್ತೇನೆ, ಯಾಕೆಂದರೆ ಅಂಕಲ್ ಕರೆಯುತ್ತಾರೆ; ನಾನಿಲ್ಲದೆ ಶುರು ಮಾಡುವುದಿಲ್ಲ. ಅವರ ಕೈ ಮೊದಲೂ ನಡುಗುತ್ತಿರಲಿಲ್ಲ, ಈಗಲೂ ನಡುಗುವುದಿಲ್ಲ. ಆದರೆ ಪುಡಿಯನ್ನು ತಕ್ಕಡಿಗೆ ಹಾಕಿ, "ಸರಿಯಾಗಿದ್ಯಾ ಪುಟ್ಟಾ?" ಎಂದು ಕೇಳುತ್ತಾರೆ. ಅವಳು ಸರಿ ಎನ್ನುತ್ತಾಳೆ. ಇನ್ನೊಮ್ಮೆ ಕೇಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ನಾನು ಬಗ್ಗಿ ನೋಡಿ ಹೂಂ ಎನ್ನುವವರೆಗೂ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಾರೆ.